ಅರಳೆ ಮನೆಯ ಹುಡುಗಿ

ಟಂಯ್ ಟಂಯ್ ಟಕ್, ಟಂಯ್ ಟಂಯ್ ಟಕ್. ಚಳಿ ಶುರುವಾಗುವ ಹೊತ್ತಿಗೆ ದಾವಣಗೆರೆಯ ನಮ್ಮ ಪಿ.ಜೆ. ಬಡಾವಣೆಯ ರಸ್ತೆಯಲ್ಲಿ ಈ ಸದ್ದು ಕೇಳುತ್ತಿತ್ತು. ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತ ಪಿಂಜಾರರು ಅದರ ತಂತಿ ಮೀಟುತ್ತಾ ಬರುತ್ತಿದ್ದರು. ಕೂಗಿ ಹೇಳುವ ಅಗತ್ಯವಿರಲಿಲ್ಲ. ಸದ್ದು ಕೇಳಿದ್ದೇ ತಡ, ಅಮ್ಮ ಗಂಟುಗಟ್ಟಿದ ಗಾದಿ, ತಲೆದಿಂಬುಗಳನ್ನೆಲ್ಲ ಅಂಗಳಕ್ಕೆ ಎಳೆಸುತ್ತಿದ್ದಳು. ಅವರು ಹೊಲಿಗೆ ಬಿಚ್ಚಿ, ಹಳೆಯ ಹತ್ತಿಯನ್ನು ರಾಶಿ ಹಾಕಿ, ಅದರ ಮೇಲೆ ಬಿಲ್ಲು ಹಿಡಿದು ಮರದ ಕೊಡತಿಯಿಂದ ತಂತಿಗೆ ಹೊಡೆದರೆ, ಕಲ್ಲಿನಂತಿದ್ದ ಹತ್ತಿ ಅರಳೆಯಾಗಿ ಮೇಲೇಳುತ್ತಿತ್ತು. ಗಾಳಿಯೇ ಬೆಳ್ಳಗಾಗುತ್ತಿತ್ತು. ನೀಲಿ ಸ್ಕರ್ಟಿಗೆ ಅಂಟಿದ ಎಳೆಗಳನ್ನು ಕೊಡವಿಕೊಳ್ಳದೆ ಕಾನ್ವೆಂಟಿಗೆ ಹೋದರೆ ನಮ್ಮ ಮದರ್ ಕನ್ನಡಕದ ಮೇಲಿಂದ ನೋಡಿ, "ಏನ್ ಚೈಲ್ಡ್, ತಲೆದಿಂಬಿನೊಳಗೆ ಮಲಗಿದ್ಯಾ?" ಎನ್ನುತ್ತಿದ್ದರು.

ಈಗ ಆ ಸದ್ದು ಇಲ್ಲ. ಫೋಮಿನ ಹಾಸಿಗೆಗೆ ಬಿಲ್ಲು ಬೇಕಿಲ್ಲ. ಆದರೂ ನವೆಂಬರ್ ಬಂದರೆ ನನ್ನ ಕಿವಿ ರಸ್ತೆಯ ಕಡೆಗೆ ತಿರುಗುತ್ತದೆ. ಅದು ಅಮ್ಮನ ಗಾದಿಗಳ ನೆನಪಿಗಲ್ಲ. ಬಿಲ್ಲು ಇದ್ದ ಒಂದು ಮನೆಯ ನೆನಪಿಗೆ. ಆ ಮನೆಗೆ ಹೋಗಬೇಡ ಎಂದು ನನಗೆ ಹೇಳಿದವರು ಬಹಳ ಜನ. ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ನಾನಿದ್ದೇನೆ, ಆದ್ದರಿಂದ ಕಥೆ ನಾನು ಹೇಳಿದಂತೆಯೇ ಉಳಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ನಾನು ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಬಟ್ಟೆ ವ್ಯಾಪಾರಿಯ ಮಗಳು, ಇಂಗ್ಲಿಷ್ ಮೀಡಿಯಂ ಓದಿದವಳು, ಒಳ್ಳೆಯ ಕಡೆ ಮದುವೆಯಾಗಿ ಹೋಗುವುದು ಬಿಟ್ಟು ಬೆಡ್‌ಪ್ಯಾನ್ ಎತ್ತುತ್ತಾಳೆ ಎಂದು ನೆಂಟರೆಲ್ಲ ಮರುಗುತ್ತಿದ್ದರು. ಮರುಗುವವರ ಮನೆಯ ಮಗುವಿಗೆ ಜ್ವರ ಬಂದರೆ ಮೊದಲು ನನ್ನನ್ನೇ ಕರೆಸುತ್ತಿದ್ದರು, ಅದು ಬೇರೆ ಮಾತು.

ಆ ವರ್ಷ ಗಂಟಲಮಾರಿಯ ಮಕ್ಕಳು ಒಬ್ಬರ ಹಿಂದೊಬ್ಬರು ಬಂದರು. ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರೇ ನಿಲ್ಲಿಸುವ ಕಾಯಿಲೆ. ಲಸಿಕೆ ಹಾಕಿಸಿಕೊಂಡ ಈಗಿನ ಮಕ್ಕಳ ತಾಯಂದಿರಿಗೆ ಅದರ ಹೆಸರೂ ಗೊತ್ತಿಲ್ಲ, ಗೊತ್ತಾಗದೇ ಇರಲಿ. ಹರಿಹರದಿಂದ ಒಂದು ಹೆಣ್ಣು ಮಗು ಬಂತು. ಇನ್ನೂ ಶಾಲೆಗೆ ಸೇರುವ ವಯಸ್ಸಲ್ಲ. ಬಂದಾಗ ತುಟಿ ನೇರಳೆ ಹಣ್ಣಿನ ಬಣ್ಣ. ನಮ್ಮ ದೊಡ್ಡ ಡಾಕ್ಟರು ಟೇಬಲ್ ಮೇಲೆ ಮಲಗಿಸಿದ್ದೇ ಕತ್ತಿನ ಮುಂಭಾಗದಲ್ಲಿ ತೂತು ಕೊರೆದು ಬೆಳ್ಳಿಯಂತೆ ಹೊಳೆಯುವ ಲೋಹದ ನಳಿಗೆ ಇಟ್ಟರು. ಸುಯ್ ಎಂದು ಗಾಳಿ ಹೋಯಿತು. ತುಟಿಯ ಬಣ್ಣ ಮರಳಿತು. ಆ ಡಾಕ್ಟರ ಮೇಲೆ ಮುಂದೆ ನಾನು ಎಷ್ಟೇ ಸಿಟ್ಟಾಗಿರಲಿ, ಆ ಮಗುವಿನ ಜೀವ ಉಳಿಸಿದ್ದು ಅವರ ಕೈ. ಅದನ್ನು ಹೇಳದೆ ಮುಂದಕ್ಕೆ ಹೋಗುವುದು ಫೇರ್ ಅಲ್ಲ.

ಕಾಯಿಲೆ ವಾಸಿಯಾದ ಮೇಲೆ ನಳಿಗೆ ತೆಗೆಯಬೇಕು. ತೆಗೆದಾಗಲೆಲ್ಲ ಮಗು ಒದ್ದಾಡಿತು. ಒಳಗೆ ಗಂಟಲು ಕಿರಿದಾಗಿಬಿಟ್ಟಿತ್ತು. ದೊಡ್ಡದಾದ ಮೇಲೆ ನೋಡೋಣ, ಅಲ್ಲಿಯವರೆಗೆ ನಳಿಗೆ ಇರಲಿ, ಮಗು ವಾರ್ಡಿನಲ್ಲೇ ಇರಲಿ ಎಂದು ಡಾಕ್ಟರು ತೀರ್ಮಾನಿಸಿದರು. ಎಷ್ಟು ಕಾಲ ಎಂದು ಅವರಿಗೂ ಗೊತ್ತಿರಲಿಲ್ಲ. ನಳಿಗೆ ಕಿತ್ತುಕೊಳ್ಳಬಾರದೆಂದು ಅದರ ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚದ ಕಂಬಿಗೆ ಕಟ್ಟುತ್ತಿದ್ದೆವು. ಇದು ಕ್ರೌರ್ಯವಲ್ಲ, ಪ್ರೊಸೀಜರ್. ನಾನೇ ಕಟ್ಟುತ್ತಿದ್ದೆ, ಸಡಿಲವಾಗಿ, ಚರ್ಮ ತರಚದಂತೆ. ಮಗು ಅಳುತ್ತಿತ್ತು, ಆದರೆ ಗಾಳಿಯೆಲ್ಲ ನಳಿಗೆಯಿಂದಲೇ ಹೊರಗೆ ಹೋಗುತ್ತಿದ್ದುದರಿಂದ ಅಳುವಿಗೆ ದನಿ ಇರಲಿಲ್ಲ. ಬಾಯಿ ತೆರೆದು, ಮುಖ ಕೆಂಪಾಗಿಸಿ, ನಿಶ್ಶಬ್ದವಾಗಿ ಅಳುವ ಮಗುವನ್ನು ನೋಡಿದವರು ಅದನ್ನು ಮರೆಯುವುದಿಲ್ಲ.

ಅದರ ತಾಯಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ಇರುತ್ತಿದ್ದಳು. ನನ್ನದೇ ವಯಸ್ಸು. ಬಡಕಲು, ಉದ್ದ ಮೂಗು, ಮೂಗಿನ ತುದಿಯಲ್ಲೇ ಸಿಟ್ಟು. ವಾರ್ಡಿನ ಆ ತುದಿಯಲ್ಲಿ ಇಂಥದೇ ನಳಿಗೆಯ ಇನ್ನೊಂದು ಕೂಸು ಬೇರೆ ಯಾವುದೋ ಜ್ವರ ಅಂಟಿ ತೀರಿಕೊಂಡ ದಿನ ಅವಳು ಎದ್ದು ಡಾಕ್ಟರ ರೌಂಡ್ಸಿನ ದಾರಿಗೆ ಅಡ್ಡ ನಿಂತಳು.

"ಸಾಹೇಬ್ರ, ನನ್ನ ಕೂಸನ್ನ ಮನಿಗೆ ಕಳಿಸ್ರಿ."

"ಏನಮ್ಮಾ, ಆಟಾನಾ ಇದು? ಕತ್ತಿನಲ್ಲಿ ತೂತಿರೋ ಮಗು. ಮನೇಲಿ ಒಂದು ವಾರ ಉಳಿಯಲ್ಲ."

"ಇಲ್ಲಿ ಅದು ಕೂಸಾಗಿ ಎಲ್ಲೈತ್ರಿ? ಮಂಚದ ಸಾಮಾನಾಗೈತೆ. ಕಟ್ಟಿ ಹಾಕಾಕ ನಮ್ಮನ್ಯಾಗ ದನ ಅದಾವು, ಮಕ್ಕಳನ್ನ ಕಟ್ಟಲ್ಲ."

ಡಾಕ್ಟರು ನನ್ನ ಕಡೆ ತಿರುಗಿ, "ಸಿಸ್ಟರ್, ಎಕ್ಸ್‌ಪ್ಲೇನ್ ಟು ಹರ್," ಎಂದು ಮುಂದಿನ ಮಂಚಕ್ಕೆ ಹೋದರು. ನಾನು ಎಕ್ಸ್‌ಪ್ಲೇನ್ ಮಾಡಿದೆ. ನಳಿಗೆಯೊಳಗೆ ಇನ್ನೊಂದು ಸಣ್ಣ ನಳಿಗೆ ಇದೆ, ಅದನ್ನು ಆಗಾಗ ತೆಗೆದು ತೊಳೆದು ಕುದಿಸಬೇಕು, ಕಫ ಕಟ್ಟಿದರೆ ರಬ್ಬರ್ ಕೊಳವೆ ಇಳಿಸಿ ಎಳೆಯಬೇಕು, ನೀರು ಒಳಗೆ ಹೋಗಬಾರದು, ಧೂಳು ಹೋಗಬಾರದು, ಕಣ್ಣು ತಪ್ಪಬಾರದು. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟೇನಾ?" ಎಂದಳು. ಆಮೇಲೆ ದನಿ ಇಳಿಸಿ, "ನಾ ಕಲೀತೀನಿ. ನೀವು ಆಗಾಗ ಬಂದು ನೋಡ್ತೀರಾ? ಹರಿಹರ ಏನು ಪರದೇಶ ಅಲ್ಲ," ಎಂದಳು.

ಭಾನುವಾರ ನನಗೆ ರಜೆ. ಬರುತ್ತೇನೆ ಎಂದೆ. ಹೆಚ್ಚು ಯೋಚಿಸಲಿಲ್ಲ. ಯೋಚಿಸಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ವಾರವೆಲ್ಲ ಅವಳ ಕೈಯಿಂದಲೇ ಮಾಡಿಸಿದೆ. ಮೊದಲ ಸಲ ಒಳನಳಿಗೆ ತೆಗೆಯುವಾಗ ಅದು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಸಲ ಅವಳಿಗೇ ವಾಂತಿ ಬಂತು. ಬಾಯಿ ತೊಳೆದು ಬಂದು ಮತ್ತೆ ಕೂತಳು. ಇನ್ನು ಕಫ ಎಳೆಯುವ ಯಂತ್ರ ಬೇಕಲ್ಲ? ಆಸ್ಪತ್ರೆಯದು ಕೊಡುವ ಹಾಗಿರಲಿಲ್ಲ. ನನ್ನ ಕಾನ್ವೆಂಟಿಗೆ ಹೋದೆ. ಅಲ್ಲಿ ಹಿಂದೆ ನನ್‌ಗಳು ನಡೆಸುತ್ತಿದ್ದ ಡಿಸ್ಪೆನ್ಸರಿಯ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಪಂಪು ಬಟ್ಟೆ ಹೊದ್ದು ಕೂತಿತ್ತು. ಮದರ್‌ಗೆ ಅಷ್ಟರಲ್ಲಿ ಬಹಳ ವಯಸ್ಸಾಗಿತ್ತು. "ನಾನು ಚಾಪೆಲ್‌ಗೆ ಹೋಗ್ತೀನಿ," ಎಂದರು. "ವಾಪಸ್ ಬಂದಾಗ ಆ ಮೂಲೆ ಖಾಲಿ ಇದ್ರೆ ನನಗೆ ಪ್ಲೆಸೆಂಟ್ ಸರ್‌ಪ್ರೈಸ್. ಗುಡಿಸೋಕೆ ಈಸಿ ಆಗುತ್ತೆ."

ಹಾಗೆ ಆ ಮಗು ಮನೆಗೆ ಹೋಯಿತು. ಡಾಕ್ಟರು ಕೇಸ್ ಶೀಟಿನಲ್ಲಿ 'ಸಲಹೆ ಮೀರಿ' ಎಂದು ಬರೆದರು. ಬರೆಯಲಿ. ಮೀರಿದ್ದು ನಿಜವೇ.

ಮುಂದಿನ ಭಾನುವಾರ ಬೆಳಗಿನ ಗಾಡಿಯಲ್ಲಿ ಹರಿಹರಕ್ಕೆ ಹೋದೆ. ಸ್ಟೇಷನ್ನಿನಿಂದ ಹೊಳೆಯ ಕಡೆಗೆ ಇಳಿಯುವ ಒಂದು ಓಣಿ. ದೂರದಿಂದಲೇ ಟಂಯ್ ಟಂಯ್ ಕೇಳಿಸಿತು. ಸದ್ದು ಬರುತ್ತಿದ್ದುದು ಅವರ ಮನೆಯಿಂದಲೇ. ತಾಯಿ ವಾರ್ಡಿನಲ್ಲಿ "ನಮ್ದು ಗಾದಿ ಹೊಲಿಯೋ ಕೆಲಸ" ಎಂದಿದ್ದಳು. ನನ್ನ ತಲೆಯಲ್ಲಿ ಸೂಜಿ, ದಾರ ಬಂದಿತ್ತೇ ಹೊರತು ಬಿಲ್ಲು ಬಂದಿರಲಿಲ್ಲ. ಪಡಸಾಲೆಯ ತುಂಬ ಹತ್ತಿಯ ರಾಶಿ. ಅವಳ ಗಂಡ ಬಿಲ್ಲು ಹಿಡಿದು ಕೂತಿದ್ದ. ಹುಬ್ಬಿನ ಮೇಲೆ, ಮೀಸೆಯ ಮೇಲೆ, ಜಂತಿಯ ಮೇಲೆ, ಎಲ್ಲೆಡೆ ಅರಳೆ. ಒಳಕೋಣೆಯ ಬಾಗಿಲಿಗೆ ಒದ್ದೆ ಕಂಬಳಿ ಇಳಿಬಿಟ್ಟು ಅದರ ಹಿಂದೆ ಮಗುವನ್ನು ಇಟ್ಟುಕೊಂಡಿದ್ದರು.

ಗಂಡ ಎದ್ದು ನಿಂತು, "ನಮ್ಮ ಕಸುಬೇ ಗಾಳಿಗೆ ಹತ್ತಿ ಹಾರಿಸೋದು ಸಿಸ್ಟ್ರೇ. ಕೂಸಿಗೆ ಬೇಕಾಗಿರೋದು ಬರೀ ಗಾಳಿ. ಹೆಂಗೆ ಮಾಡಾದು?" ಎಂದ. ಮೆತ್ತನೆಯ ಮನುಷ್ಯ. ಆ ಮನೆಯ ಗಟ್ಟಿತನವೆಲ್ಲ ಹೆಂಗಸರ ಪಾಲಿಗೆ ಹೋಗಿತ್ತು.

ನಾನು ಕಂಬಳಿ ಸರಿಸಿ ಒಳಗೆ ಹೋದೆ. ಮಗು ಅಜ್ಜಿಯ ತೊಡೆಯ ಮೇಲಿತ್ತು. ಕೈ ಕಟ್ಟಿರಲಿಲ್ಲ. ಮೈ ತೊಳೆದು, ಕಣ್ಣಿಗೆ ಕಾಡಿಗೆ ಹಚ್ಚಿ, ಜಡೆ ಹಾಕಿದ್ದರು. ಕತ್ತಿನ ಸುತ್ತ ಹೂವಿನ ಹಾರದಂತೆ ಅರಳೆಯ ತೆಳು ಪದರ. ನಳಿಗೆಯ ಬಾಯಿಯೂ ಅದರಡಿ ಮುಚ್ಚಿಹೋಗಿತ್ತು. ಅಜ್ಜಿ ಹೆಮ್ಮೆಯಿಂದ ನೋಡಿದಳು.

"ಮನ್ಯಾಗ ಧೂಳು ಐತಲ್ರಿ, ಅದಕ್ಕ ನಾನೇ ಆರಿಸಿ ಹಿಂಜಿಸಿ ಹಾಕೇನಿ. ನೋಡ್ರಿ, ಹಾಲಿನ ಕೆನೆ ಹಂಗ ಐತೆ. ಇಂಥಾ ಅರಳೆ ನಾವು ಸೌಕಾರ್ರ ಮನಿಗೂ ಕೊಟ್ಟಿಲ್ಲ."

ಮಗುವಿನ ಉಸಿರು ಶಿಳ್ಳೆಯಂತೆ ಬರುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಅರಳೆಯನ್ನು ತೆಗೆದೆಸೆದು ಒಳನಳಿಗೆ ಹೊರಗೆಳೆದೆ. ಕಫದ ಜೊತೆ ಹತ್ತಿಯ ಎಳೆಗಳು ಹೊಸೆದುಕೊಂಡು ದೀಪದ ಬತ್ತಿಯಷ್ಟು ದಪ್ಪಕ್ಕೆ ಕೂತಿದ್ದವು. ತಾಯಿ ಅಡುಗೆಮನೆಯಿಂದ ಓಡಿಬಂದು ಪಂಪು ತುಳಿದಳು. ನಾನು ಕೊಳವೆ ಇಳಿಸಿದೆ. ಇನ್ನೊಂದು ಎಳೆ ಬಂತು, ಮತ್ತೊಂದು ಬಂತು, ಕೊನೆಗೆ ಉಸಿರು ಸಲೀಸಾಯಿತು.

ಬೇರೆ ಯಾವ ಮನೆಯವರೂ ಈ ತಪ್ಪು ಮಾಡುತ್ತಿರಲಿಲ್ಲ. ಅವರ ಪಾಲಿಗೆ ಜಗತ್ತಿನಲ್ಲಿ ಅರಳೆಗಿಂತ ಶುದ್ಧವಾದ, ಮೆತ್ತಗಿನ ವಸ್ತು ಇನ್ನೊಂದಿರಲಿಲ್ಲ. ಹುಟ್ಟಿದ ಕೂಸನ್ನು ಮಲಗಿಸುವುದೂ ಅದರ ಮೇಲೆ. ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನು ಅವರು ಮಗುವಿನ ಕೊರಳಿಗೆ ಹಾಕಿದ್ದರು.

ನಾನು ಬತ್ತಿಯಂತಾಗಿದ್ದ ಎಳೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟೆ. ಬೈಯಲಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ತೀಡಿ ನೋಡಿದಳು.

"ಮೂಗಿಗೆ ಹತ್ತಿ ಇಡಾದು ಹೆಣಕ್ಕ," ಎಂದಳು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. "ಜೀವ ಇರೋ ಕೂಸಿಗೆ ನಾ ಇಟ್ಟೆ."

ಆಮೇಲೆ ಎದ್ದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆಗೆ ಹೋಗಿ, ಮಗನ ಕೈಯಿಂದ ಬಿಲ್ಲು ಕಸಿದುಕೊಂಡು ಬೀದಿಯಲ್ಲಿಟ್ಟು ಬಂದಳು. ಹಿಂದೆಯೇ ಹತ್ತಿಯ ಮೂಟೆಗಳನ್ನು ಒಂದೊಂದಾಗಿ ಉರುಳಿಸಿದಳು.

"ಅವ್ವಾ, ಎಲ್ಲಿ ಹಿಂಜಲಿ ಮತ್ತೆ?" ಎಂದು ಮಗ ಕೇಳಿದ.

"ಹೊಳಿ ದಂಡ್ಯಾಗ ಹಿಂಜು. ಗುಡ್ಡದ ಮ್ಯಾಲ ಹಿಂಜು. ಈ ಹೊಸ್ತಿಲ ಒಳಗ ಒಂದು ಎಳೆ ಬಂದ್ರ ನಿನ್ನ ಮೀಸೀನ ಹಿಂಜತೀನಿ."

ಓಣಿಯವರು ಸುಮ್ಮನಿರಲಿಲ್ಲ. ಬೀದಿಯಲ್ಲಿ ಹಿಂಜಿದರೆ ಅರಳೆ ಅವರ ಒಲೆಗೆ, ಅವರ ಹಿಟ್ಟಿಗೆ ಹಾರುತ್ತಿತ್ತು. ಜಗಳವಾಯಿತು. ಕೊನೆಗೆ ಅವನು ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯ ಹಿಂದಿನ ಬಯಲು ಹುಡುಕಿಕೊಂಡ. ಬಿಸಿಲಲ್ಲಿ ಕೂತು ಅಲ್ಲೇ ಹಿಂಜುತ್ತಿದ್ದ. ಗಾಳಿ ಜೋರಿದ್ದ ದಿನ ಕೆಲಸವಿಲ್ಲ. ಸಂಜೆ ಹೊಳೆಯಲ್ಲಿ ಮುಳುಗಿ, ಬಟ್ಟೆ ಬದಲಿಸಿ ಮನೆಯೊಳಗೆ ಕಾಲಿಡುತ್ತಿದ್ದ. ಮನೆಯ ಜಂತಿಗಳನ್ನೆಲ್ಲ ಹೆಂಗಸರು ಒದ್ದೆ ಬಟ್ಟೆಯಿಂದ ಒರೆಸಿದರು. ಕೊರಳಿಗೆ ಅರಳೆಯ ಬದಲು ಹಳೆಯ ತೆಳು ಮಲ್ಲಿನ ಬಟ್ಟೆ ಒದ್ದೆ ಮಾಡಿ ಸಡಿಲವಾಗಿ ಕಟ್ಟುವುದು ರೂಢಿಯಾಯಿತು.

ನನ್ನ ಭಾನುವಾರಗಳು ಹೀಗೆ ಹರಿಹರದವಾದವು. ಹೋಗಿ ನಾನು ಮಾಡುತ್ತಿದ್ದುದು ಅಂಥ ದೊಡ್ಡ ನರ್ಸಿಂಗ್ ಏನಲ್ಲ. ಗಾಯ ನೋಡುವುದು, ನಳಿಗೆಯನ್ನು ಕೊರಳಿಗೆ ಕಟ್ಟಿದ ಲಾಡಿ ಬದಲಿಸುವುದು. ಆಮೇಲೆ ಮಗುವನ್ನು ನನ್ನ ಮುಂದೆ ಕೂರಿಸಿಕೊಂಡು, "ಹೋಗು, ಮಲಗು" ಎಂದು ತಾಯಿಗೆ ಹೇಳುವುದು. ಅವಳು ಗೋಡೆಗೆ ಒರಗಿದ ಕೂಡಲೇ ಸತ್ತಂತೆ ನಿದ್ದೆ ಹೋಗುತ್ತಿದ್ದಳು. ಒಮ್ಮೊಮ್ಮೆ ತಲೆಗೆ ಎಣ್ಣೆ ಹಚ್ಚಿಕೊಂಡು ಹೊಳೆಗೆ ಹೋಗಿ ಬರುತ್ತಿದ್ದಳು. ನಮ್ಮ ಟ್ರೈನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಿತ್ತು. ಕಾಯಿಲೆಯ ಮಗುವಿರುವ ಮನೆಗೆ ಹಣ್ಣು ತರುವವರು, ದೇವರ ಪ್ರಸಾದ ತರುವವರು, ಸಲಹೆ ತರುವವರು ಬೇಕಾದಷ್ಟು ಜನ. ತಾಯಿಗೆ ಒಂದು ಮಧ್ಯಾಹ್ನದ ನಿದ್ದೆ ತರುವವರು ಯಾರೂ ಇಲ್ಲ.

ಮಗು ಮನೆಗೆ ಬಂದು ಸ್ವಲ್ಪ ದಿನಕ್ಕೆ ನಳಿಗೆಯ ಬಾಯಿಗೆ ಬೆರಳು ಒತ್ತಿದರೆ ದನಿ ಬರುತ್ತದೆ ಎಂಬುದನ್ನು ತಾನೇ ಕಂಡುಕೊಂಡಿತು. ಗೊಗ್ಗರು ದನಿ. ಮೊದಲು ಆಡಿದ್ದು ಬೈಗುಳ. ಅಜ್ಜಿಯದೇ ನಕಲು. ಮನೆಯವರೆಲ್ಲ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನನ್ನ ಮನೆಯಲ್ಲಿ ಅಮ್ಮ, "ಭಾನುವಾರ ನೋಡೋಕೆ ಬರೋ ಗಂಡುಗಳಿಗೆ ಏನು ಹೇಳಲೇ?" ಎಂದು ಕೇಳುತ್ತಿದ್ದಳು. "ಸೋಮವಾರ ಬರ್ಲಿ," ಎನ್ನುತ್ತಿದ್ದೆ. ಅಪ್ಪ ಪೇಪರಿನ ಹಿಂದಿನಿಂದ, "ಆ ಓಣಿಗೆ ನಮ್ಮ ಮನೆ ಹುಡುಗಿ ಹೋಗ್ತಾಳೆ ಅಂತ ಅಂಗಡೀಲಿ ಕೇಳ್ತಾರೆ," ಎನ್ನುತ್ತಿದ್ದರು. "ಏನು ಕೇಳ್ತಾರಪ್ಪಾ?" ಎಂದರೆ ಪೇಪರು ಇನ್ನಷ್ಟು ಮೇಲೆ ಹೋಗುತ್ತಿತ್ತು.

ಆಸ್ಪತ್ರೆಗೂ ಸುದ್ದಿ ಮುಟ್ಟಿತು. ಮೇಟ್ರನ್ ತಮ್ಮ ರೂಮಿಗೆ ಕರೆಸಿದರು. ಗಂಜಿ ಹಾಕಿದ ಕ್ಯಾಪು, ಗಂಜಿ ಹಾಕಿದ ಮುಖ.

"ಸಿಸ್ಟರ್, ಪೇಷಂಟ್ ಗೇಟ್ ದಾಟಿದ ಮೇಲೆ ನಮ್ಮ ಪೇಷಂಟ್ ಅಲ್ಲ. ಯು ಆರ್ ನಾಟ್ ಎ ಮೊಬೈಲ್ ಹಾಸ್ಪಿಟಲ್. ಏನಾದ್ರೂ ಆದ್ರೆ ಹೆಸರು ಕೆಡೋದು ನಮ್ದು."

"ಗೇಟ್ ದಾಟಿದ ಮೇಲೆ ನಮ್ಮ ಪೇಷಂಟ್ ಅಲ್ಲ ಅಂದ್ರೆ, ಗೇಟ್ ದಾಟಿದ ಮೇಲೆ ನಾನೂ ನಿಮ್ಮ ನರ್ಸ್ ಅಲ್ಲ ಮೇಡಂ. ಸಂಡೇ ನನ್ನದು."

ಮುಂದಿನ ತಿಂಗಳಿಂದ ನನಗೆ ಪ್ರತಿ ಭಾನುವಾರ ಡ್ಯೂಟಿ ಬಿತ್ತು. ಸರಿ, ಬುಧವಾರ ಹೋದೆ. ಬುಧವಾರ ಡ್ಯೂಟಿ ಬಿತ್ತು, ಶುಕ್ರವಾರ ಹೋದೆ. ವಾರದಲ್ಲಿ ಒಂದು ದಿನ ರಜೆ ಕೊಡಲೇಬೇಕಲ್ಲ. ಮೇಟ್ರನ್ ಬೇಸತ್ತರೋ ಏನೋ, ಸ್ವಲ್ಪ ಕಾಲ ಬಿಟ್ಟುಬಿಟ್ಟರು.

ಇಷ್ಟರಲ್ಲಿ ಒಂದು ಮದುವೆ ಬಂತು. ಮಗುವಿನ ತಾಯಿಯ ತವರು ದಾವಣಗೆರೆ. ಅವಳ ತಂಗಿಯ ಮದುವೆ. ಕರೆಯಲು ಬಂದ ಅವಳ ಅಣ್ಣ ಚಹಾ ಕುಡಿದು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡ. ಅವತ್ತು ನಾನೂ ಅಲ್ಲಿದ್ದೆ.

"ನೀ ನಾಕು ದಿನ ಮುಂಚೇನೇ ಬಾ ತಂಗಿ. ಕೂಸನ್ನ ಮಾತ್ರ... ಇಲ್ಲೇ ಬಿಟ್ಟು ಬಾ. ಹುಡುಗನ ಕಡೇರು ನೋಡಿದ್ರ ಏನನ್ಕಂತಾರ? ಈ ಮನೆತನದಾಗ ಹಿಂಗೈತೆ ಅಂದ್ರ ಮದುವಿ ನಿಂತು ಹೋದೀತು."

ಅವನು ಹೋದ ಮೇಲೆ ನಾನು ಅಂದೆ, "ನಾನು ರಜಾ ಹಾಕ್ತೀನಿ. ಮಗು ಜೊತೆ ನಾನು ಇರ್ತೀನಿ, ನೀನು ಹೋಗಿ ಬಾ. ಎಷ್ಟು ಕಾಲ ಆಯ್ತು ನೀನು ಹೊರಗೆ ಹೋಗಿ."

ಅವಳು ಕುದಿಯುವ ನೀರಿನಿಂದ ನಳಿಗೆಯನ್ನು ಇಕ್ಕಳದಲ್ಲಿ ಎತ್ತಿ ಬಟ್ಟೆಯ ಮೇಲಿಟ್ಟಳು. "ನೀವು ಕುಂತ್ರ ನಾ ಹೋಗಬೋದು ಸಿಸ್ಟ್ರೇ. ಆದ್ರ ಈ ಮದುವಿಗೆ ಬಿಟ್ಟು ಹೋದ್ರ ಮುಂದಿನ ಮದುವಿಗೂ ಬಿಟ್ಟು ಹೋಗಬೇಕು. ಈದಿಗೂ ಬಿಡಬೇಕು. ಆಸ್ಪತ್ರ್ಯಾಗಿಂದ ತಂದು ಮನ್ಯಾಗ ಬಚ್ಚಿಡಾಕ ಇಷ್ಟೆಲ್ಲಾ ಮಾಡಿದ್ನಾ? ನೀವು ರಜಾ ಹಾಕೇ ಹಾಕ್ರಿ. ಎಲ್ಲಾರೂ ಹೋಗಾಣ."

ಫ್ರಾಂಕ್ಲಿ, ನನಗೆ ಹೆದರಿಕೆಯಾಯಿತು. ಜನಸಂದಣಿ, ಲೋಬಾನದ ಹೊಗೆ, ಯಾರದೋ ಕೆಮ್ಮು. ಬೇಡ ಎನ್ನಲು ನನ್ನ ಬಳಿ ನೂರು ಕಾರಣಗಳಿದ್ದವು, ಎಲ್ಲವೂ ಪುಸ್ತಕದಲ್ಲಿದ್ದವು. ಅವಳ ಬಳಿ ಒಂದೇ ಒಂದು ಇತ್ತು. ಅದು ಎದುರಿಗೆ ಕೂತು ನನ್ನ ವಾಚು ಬಿಚ್ಚುತ್ತಿತ್ತು.

ಹೋದೆವು. ಬಸ್ಸಿನಲ್ಲಿ ಪಂಪನ್ನು ನನ್ನ ಕಾಲ ಬಳಿ ಇಟ್ಟುಕೊಂಡಿದ್ದೆ. ಕಂಡಕ್ಟರ್, "ಇದೇನ್ರಿ ಅಮ್ಮಾರ, ಸೈಕಲ್ ಅಂಗಡಿ ಇಡ್ತೀರೇನು?" ಎಂದ. ಅಜ್ಜಿ, "ಹೂಂ, ನಿನ್ನ ಗಾಡಿ ಪಂಚರ್ ಆದ್ರ ಹೇಳು," ಎಂದಳು. ಮಗು ಗುಲಾಬಿ ಫ್ರಾಕು ಹಾಕಿಕೊಂಡಿತ್ತು. ಕೊರಳಿಗೆ ಅದೇ ಬಣ್ಣದ ಮಲ್ಲಿನ ಬಟ್ಟೆ.

ಮದುವೆಯ ಮನೆಯಲ್ಲಿ ಹೆಂಗಸರು ಕೂತಿದ್ದ ಕಡೆಗೆ ನಾವು ಕಾಲಿಟ್ಟಾಗ ಮಾತು ಒಮ್ಮೆಗೇ ಇಳಿಯಿತು. ಸುಯ್ ಸುಯ್ ಎನ್ನುವ ಮಗುವಿನ ಉಸಿರು ಎಲ್ಲರಿಗೂ ಕೇಳುತ್ತಿತ್ತು. ಯಾರೋ ತಮ್ಮ ಕೂಸನ್ನು ಹತ್ತಿರಕ್ಕೆ ಎಳೆದುಕೊಂಡರು. ಇನ್ನೊಬ್ಬರು, "ಗಂಟಲಾಗ ತೂತಿರೋ ಹುಡುಗೀನ ಮದುವಿಗೆ ತರ್ತಾರೇನು?" ಎಂದರು, ಕೇಳಿಸಲೆಂದೇ. ಸ್ವಲ್ಪ ಹೊತ್ತಿಗೆ ಕಫ ಕಟ್ಟಿತು. ತಾಯಿ ಅಲ್ಲೇ ಜಮಖಾನೆಯ ಮೇಲೆ ಮಗುವನ್ನು ಮಲಗಿಸಿ ಪಂಪು ಎಳೆದುಕೊಂಡಳು. ಹುಡುಗನ ಕಡೆಯ ದೊಡ್ಡ ಹೆಂಗಸೊಬ್ಬಳು ಪರದೆ ತೋರಿಸಿದಳು.

"ಏ ಹೆಣ್ಣೇ, ಅದನ್ನೆಲ್ಲ ಅದರ ಹಿಂದ ಹೋಗಿ ಮಾಡು. ಉಣ್ಣೋ ಜಾಗ ಇದು."

"ಎಲ್ಲಾರೂ ಮೂಗು ಸೀಟ್ತಾರ, ನನ್ನ ಮಗಳು ಗಂಟಲು ಸೀಟ್ತಾಳ. ಅಷ್ಟೇ ಫರಕು," ಎಂದಳು ತಾಯಿ, ತಲೆ ಎತ್ತದೆ. ಕಾಲು ಪಂಪು ತುಳಿಯುತ್ತಲೇ ಇತ್ತು.

ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. "ನಾಳೆ ನಿಮ್ಮ ಹುಡುಗ ಮಕ್ಕೊಳ್ಳೋ ಗಾದಿ ಐತಲ್ಲ, ಅದನ್ನ ಹಿಂಜಿ ಹೊಲಿದಾನ ಈ ಕೂಸಿನ ಅಪ್ಪ. ಅಸಹ್ಯ ಆದ್ರ ಹೇಳ್ರಿ, ವಾಪಸ್ ತಗೊಂಡು ಹೋಗ್ತೀವಿ. ಚಾಪಿ ಮ್ಯಾಲ ಮಕ್ಕೊಳ್ಳಲಿ."

ಯಾರೋ ಮುದುಕಿ ಕಿಸಕ್ಕನೆ ನಕ್ಕಳು. ನಗು ಹಬ್ಬಿತು. ಆ ದೊಡ್ಡ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡಿದಳು, ನಕ್ಕಳೋ ಸಿಟ್ಟಾದಳೋ ಗೊತ್ತಾಗಲಿಲ್ಲ. ಮಗು ಎದ್ದು ಕೂತು, ಬೆರಳು ಕೊರಳಿಗೆ ಒತ್ತಿ, "ನಂಗ ಜಿಲೇಬಿ," ಎಂದಿತು. ಕೊಟ್ಟರು. ಆ ಮದುವೆ ನಿಲ್ಲಲಿಲ್ಲ. ಆ ಗಂಡ ಹೆಂಡತಿಗೆ ಈಗ ಮೊಮ್ಮಕ್ಕಳಿರಬೇಕು.

ಊಟವಾದ ಮೇಲೆ ಕೈ ತೊಳೆಯುವ ಜಾಗದಲ್ಲಿ ಒಬ್ಬಳು ನನ್ನ ಪಕ್ಕ ಬಂದು ನಿಂತಳು. ಆವರಗೆರೆಯವಳು, ಅಡುಗೆಗೆ ಬಂದಿದ್ದವಳು. "ನೀವು ನರಸಮ್ಮಾರಾ? ನನ್ನ ಮಗ ಅದಾನ್ರಿ ಮನ್ಯಾಗ. ಏಳಂಗಿಲ್ಲ, ಕೂಡಂಗಿಲ್ಲ. ಬೆನ್ನೆಲ್ಲ ಹುಣ್ಣಾಗೈತೆ. ಯಾರಿಗೂ ತೋರಿಸಿಲ್ಲ." ಅವಳ ಕಣ್ಣು ನನ್ನ ಮೇಲಿರಲಿಲ್ಲ. ದೂರದಲ್ಲಿ ಮಕ್ಕಳ ನಡುವೆ ಕೂತಿದ್ದ ಗುಲಾಬಿ ಫ್ರಾಕಿನ ಮೇಲಿತ್ತು. "ಹಿಂಗೆ ಹೊರಗ ತರಬೋದು ಅಂತ ಗೊತ್ತಿರಲಿಲ್ಲ ನಂಗ," ಎಂದಳು.

ಆ ಮಾತೇ ನನ್ನ ನೌಕರಿ ತಿಂದದ್ದು. ಆವರಗೆರೆಗೂ ಹೋಗತೊಡಗಿದೆ. ಅಲ್ಲಿಂದ ಲೋಕಿಕೆರೆಯ ಒಂದು ಮನೆಗೆ. ನೋಡಿದರೆ ಪ್ರತಿ ಓಣಿಯಲ್ಲೂ ಒಂದು ಮುಚ್ಚಿದ ಕೋಣೆ, ಅದರೊಳಗೆ ಒಂದು ಮಗು, ಅದರ ಪಕ್ಕ ನಿದ್ದೆಗೆಟ್ಟ ಒಬ್ಬ ತಾಯಿ. ಮೇಟ್ರನ್ ಈ ಸಲ ಶಿಫ್ಟ್ ಬದಲಿಸುವ ಆಟ ಆಡಲಿಲ್ಲ. ಹೊರಗಿನ ಕೆಲಸ ಬಿಡು, ಇಲ್ಲ ಇಲ್ಲಿನದು ಬಿಡು ಎಂದರು. ಇಲ್ಲಿನದು ಬಿಟ್ಟೆ. ಅಪ್ಪ ಒಂದು ವಾರ ಪೇಪರಿನ ಹಿಂದಿನಿಂದ ಹೊರಗೇ ಬರಲಿಲ್ಲ. ಕಾನ್ವೆಂಟಿನ ಆ ಹಳೆಯ ಡಿಸ್ಪೆನ್ಸರಿಯ ಬೀಗ ತೆಗೆಸಿ, ಗುಡಿಸಿ, ಅಲ್ಲಿಂದಲೇ ಮನೆಮನೆಗೆ ಹೋಗುವ ಕೆಲಸ ಶುರು ಮಾಡಿದೆ. ಜೊತೆಗೆ ರಿಟೈರ್ ಆದ ಒಬ್ಬ ನನ್. ಸಂಬಳ ಎನ್ನುವಂಥದ್ದೇನೂ ಇರಲಿಲ್ಲ. ಹೊಸಬರ ಮನೆಗೆ ಹೋಗುವಾಗ ಒಮ್ಮೊಮ್ಮೆ ಹರಿಹರದ ಆ ತಾಯಿಯನ್ನೂ ಕರೆದುಕೊಂಡು ಹೋಗುತ್ತಿದ್ದೆ. ಅವಳ ಅತ್ತೆ ಮಗುವನ್ನು ನೋಡಿಕೊಳ್ಳುತ್ತಿದ್ದಳು. ನಾನು ಅಳುವ ತಾಯಂದಿರಿಗೆ ಧೈರ್ಯ ಹೇಳಿದರೆ ಅವರು ಇನ್ನಷ್ಟು ಅಳುತ್ತಿದ್ದರು. ಅವಳು, "ಅಳಾದು ಆಮ್ಯಾಲ ಮಾಡುವಂತಿ, ಮೊದ್ಲು ನೀರು ಕಾಸು," ಎಂದರೆ ಎದ್ದು ಒಲೆ ಹೊತ್ತಿಸುತ್ತಿದ್ದರು.

ಆಮೇಲೆ ಆ ಹುಡುಗಿ ಏನಾದಳು ಎಂದು ಎಲ್ಲರೂ ಕೇಳುತ್ತಾರೆ. ಕೇಳುವಾಗಲೇ ಅವರ ಮುಖದಲ್ಲಿ ಒಂದು ಆಸೆ ಇರುತ್ತದೆ, ನಳಿಗೆ ತೆಗೆದರು, ದೊಡ್ಡವಳಾದಳು, ಟೀಚರ್ ಆದಳು ಎಂದು ನಾನು ಹೇಳಲಿ ಎಂಬ ಆಸೆ. ಇಲ್ಲ. ಎಂಬತ್ತರ ದಶಕ ಕಾಲಿಟ್ಟ ಮೇಲೆ, ಒಂದು ಮಳೆಗಾಲದಲ್ಲಿ ಎದೆಗೆ ಇಳಿದ ಜ್ವರ ಅವಳನ್ನು ಕರೆದುಕೊಂಡು ಹೋಯಿತು. ಆಸ್ಪತ್ರೆಗೆ ತಂದಿದ್ದರು. ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. ಇನ್ನು ಆಗದು ಎಂದಾಗ ತಾಯಿ ಮತ್ತೆ ಮನೆಗೆ ಒಯ್ದಳು. ಅಜ್ಜಿಯ ತೊಡೆಯ ಮೇಲೆ, ಅಪ್ಪ ಹಿಂಜಿ ಹೊಲಿದ ಗಾದಿಯಲ್ಲಿ ಹೋದಳು. ನಾನು ಅವತ್ತು ಲೋಕಿಕೆರೆಯಲ್ಲಿದ್ದೆ. ಸುದ್ದಿ ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಸ್ವಲ್ಪ ದಿನದ ಮೇಲೆ ಪಿ.ಜೆ. ಬಡಾವಣೆಯ ಔಷಧಿ ಅಂಗಡಿಯ ಮುಂದೆ ದೊಡ್ಡ ಡಾಕ್ಟರು ಸಿಕ್ಕರು. ಕಾರಿನಿಂದ ಇಳಿದು, "ಆ ಹರಿಹರದ ಹುಡುಗಿ ಹೋಯ್ತಲ್ಲ. ಐ ಹ್ಯಾಡ್ ಟೋಲ್ಡ್ ಯು," ಎಂದರು. ಕುಹಕವೇನೂ ಇರಲಿಲ್ಲ ದನಿಯಲ್ಲಿ. ಅವರಿಗೂ ಬೇಸರವಾಗಿತ್ತು.

"ನೀವು ಒಂದು ವಾರ ಅಂದಿದ್ರಿ ಡಾಕ್ಟ್ರೇ," ಎಂದೆ. "ಅವಳು ಮದುವೆ ನೋಡಿದ್ಲು, ಶಾಲೆಗೆ ಹೋದ್ಲು, ಮೇಷ್ಟ್ರಿಗೆ ಬೈದ್ಲು. ವಾರ್ಡ್‌ನಲ್ಲಿದ್ದಿದ್ರೆ ಯಾರಿಗೆ ಬೈತಿದ್ಲು?"

ಅವರು ಅಂಗಡಿಯ ಮೆಟ್ಟಿಲು ಹತ್ತಿದರು. ಎಷ್ಟು ಕಾಲ ಬದುಕಿದಳು ಎಂದು ಅಳೆದು, ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಲೆಕ್ಕ ಹಾಕುವವರನ್ನು ನಾನು ಜೀವನವಿಡೀ ನೋಡಿದ್ದೇನೆ. ಬೇಕಿತ್ತು. ನನಗೆ ಈ ವಯಸ್ಸಿನಲ್ಲೂ ಅದರಲ್ಲಿ ಒಂದು ಎಳೆಯಷ್ಟೂ ಅನುಮಾನವಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಮಳೆಗಾಲಕ್ಕೆ ಮುಂಚೆ, ಒಂದು ಸಂಜೆ. ಎಂದಿನಂತೆ ಹೋಗಿ, ನಳಿಗೆಯ ಲಾಡಿ ಬದಲಿಸಿ, ತಾಯಿಯ ಜೊತೆ ಚಹಾ ಕುಡಿದು ಹೊರಟೆ. ಓಣಿಯ ತುದಿಯಲ್ಲಿ ಹುಡುಗಿಯರು ನೆಲದ ಮೇಲೆ ಇದ್ದಿಲಿನಿಂದ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದರು. ಅವಳ ಸರದಿ. ನಾನು ನಿಂತು, "ಬರ್ತೀನಮ್ಮಾ, ಒಂದ್ಸಲ ಇಲ್ಲಿ ಬಾ," ಎಂದು ಕರೆದೆ. ಅವಳು ತಿರುಗಲಿಲ್ಲ. ತಡೀರಿ ಎನ್ನುವಂತೆ ನನ್ನ ಕಡೆ ಅಂಗೈ ಮಾತ್ರ ತೋರಿಸಿದಳು. ಬಿಲ್ಲೆ ಗೆರೆಯ ಮೇಲೆ ಬಿದ್ದಿದೆ, ಔಟು ಎಂದು ಜೊತೆಯವಳು ವಾದಿಸುತ್ತಿದ್ದಳು. ಇವಳು ಕೇಳಿಸಿಕೊಳ್ಳದೆ, ಒಂದು ಕಾಲು ಮಡಚಿ, ಲಂಗ ಎತ್ತಿ ಹಿಡಿದು, ದೂರದ ಮನೆಯ ಕಡೆಗೆ ಕುಂಟುತ್ತಾ ಹೋದಳು. ಸ್ವಲ್ಪ ಹೊತ್ತು ಕಾದೆ. ಆಟ ಮುಗಿಯುವ ಹಾಗೆ ಕಾಣಲಿಲ್ಲ. ನನಗೆ ಬಸ್ಸಿಗೆ ಹೊತ್ತಾಗಿತ್ತು.